ಮುಖ ಕೊಟ್ಟು ಹೋಗುವ ಊರು

"ಮುಂದಿನ ಸಲ ಬಂದಾಗ ಮುಖ ಕೊಟ್ಟಽ ಹೋಗ್ತೀನಿ ಅಕ್ಕಾ. ಇದೊಂದು ಸಲ ಬೆನ್ನು ನೋಡಿ ತಡಕೋ."

ನಮ್ಮವ್ವ ಬಾಳವ್ವ ತನ್ನ ಅಕ್ಕನಿಗೆ ಈ ಮಾತು ಕೊಟ್ಟಾಗ ನಾನು ಅವಳ ಹೆಗಲ ಮೇಲಿದ್ದ ಎಳೆಗೂಸು. ಬಾಣಂತನಕ್ಕೆಂದು ಅಕ್ಕನ ಊರಿಗೆ ಹೋಗಿದ್ದಳು. ನಾನು ನಾಲ್ಕು ಹೆಜ್ಜೆ ಇಡುವ ತನಕ ಅಲ್ಲೇ ಇದ್ದು, ಆಮೇಲೆ ಆ ಊರಿನ ಕ್ರಮದಂತೆ ಮುಖ ಕೊಟ್ಟು ಹೊರಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅಪ್ಪ ಜ್ವರ ಹಿಡಿದು ಮಲಗಿದ್ದಾನೆಂದು ಸುದ್ದಿ ಬಂತು. ಅವ್ವ ನನ್ನನ್ನು ಹೆಗಲಿಗೆ ಹಾಕಿಕೊಂಡು, ಊರಿಗೆ ಬೆನ್ನು ಕೊಟ್ಟು ಹೊರಟೇಬಿಟ್ಟಳು. ಅಪ್ಪನ ಜ್ವರ ವಾರದಲ್ಲಿ ಇಳಿಯಿತು. ಕೊಟ್ಟ ಮಾತು ಮಾತ್ರ ಹಾಗೇ ಉಳಿಯಿತು. ಮೊದಲು ನನ್ನ ತಮ್ಮಂದಿರು ಹುಟ್ಟಿದರು, ಆಮೇಲೆ ಎಮ್ಮೆ ಈಯಿತು, ಆಮೇಲೆ ಮನೆ ಸೋರಿತು. ಒಂದಲ್ಲ ಒಂದು. ಫೋನು ಬಂದ ಮೇಲೆ ಅಕ್ಕ ತಂಗಿ ವಾರಕ್ಕೊಮ್ಮೆ ಮಾತಾಡುತ್ತಿದ್ದರು, ಮಳೆ, ಬೆಳೆ, ಸೊಸೆಯಂದಿರು ಎಲ್ಲ ಮುಗಿದ ಮೇಲೆ ಆ ಕಡೆಯಿಂದ ಒಂದೇ ಪ್ರಶ್ನೆ ಬರುತ್ತಿತ್ತು: "ಅದೆಲ್ಲಾ ಇರ್ಲಿ ಬಾಳೀ, ನನ್ನ ಮುಖ ಯಾವಾಗ?"

ಈ ವರ್ಷ ಅವ್ವನ ಮೊಣಕಾಲು ಪೂರ್ತಿ ಕೈಕೊಟ್ಟವು. ಒಂದು ದಿನ ಫೋನು ಇಟ್ಟವಳೇ ನನ್ನನ್ನು ಕರೆದು, "ಕಸ್ತೂರಿ, ನನ್ನ ಪಾಲಿಂದು ನೀ ಹೋಗಿ ಕೊಟ್ಟು ಬಾ. ಅಕ್ಕನ ಕಣ್ಣಿಗೆ ಪೊರಿ ಬರಾಕತ್ತೈತಂತ. ಇನ್ನ ತಡಾ ಮಾಡಿದ್ರ ಕೊಟ್ರೂ ಕಾಣಂಗಿಲ್ಲ" ಎಂದಳು. ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳು ಹಾಗೆ ಸುತ್ತಿದರೆ ನಾನು ಇಲ್ಲವೆನ್ನಲಾರೆ.

ನಾನು ಹುಡುಗರ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತೇನೆ. ಹುಡುಗರು ಸುಗ್ಗಿಯ ರಜೆಗೆ ಹೋದಾಗಷ್ಟೇ ನನ್ನ ಕೈ ಸೌಟನ್ನು ಬಿಡುತ್ತದೆ. ಗಂಡ ಲಾರಿಯ ಮೇಲೆ. ಮಗಳು ರುಕ್ಕುಗೆ ಇನ್ನೂ ನಾಲ್ಕು ತುಂಬಿಲ್ಲ, ಅವಳ ಹಿಂದೆ ಓಡುವ ಕಾಲು ಅವ್ವನಿಗಿಲ್ಲ. ಹೀಗಾಗಿ ಅವಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಬಸ್ಸು ನಮ್ಮನ್ನು ಡಾಂಬರು ರಸ್ತೆಯ ಮೇಲೆ ಇಳಿಸಿತು. ರಸ್ತೆಯ ತಗ್ಗಿನಿಂದ ಮೇಲೆ ಹತ್ತಿದರೆ ಬರೀ ಹುಲ್ಲು. ಒಂದು ಮರವಿಲ್ಲ, ದಿನ್ನೆಯಿಲ್ಲ. ಗಾಳಿ ಆ ಹುಲ್ಲನ್ನು ತಲೆ ಬಾಚಿದಂತೆ ಒಂದೇ ಕಡೆಗೆ ಬಾಚುತ್ತಿತ್ತು. ಮತ್ತು ಊರು ಎದುರಿಗೇ ಇತ್ತು. ಬಾವಿಯ ಗಡಗಡೆ, ನವಣೆಯ ಕಣ, ಕೆಂಪು ಜುಟ್ಟಿನ ಒಂದು ಕೋಳಿ, ಮೊರ ಹಿಡಿದು ಕಾಳು ತೂರುತ್ತಿದ್ದ ಎತ್ತರದ ಒಬ್ಬ ಹೆಂಗಸು. ಅವಳ ಮೂಗುತಿಯ ಹರಳು ಹೊಳೆದದ್ದೂ ಕಂಡಿತು. ರುಕ್ಕು ಕೋಳಿಯನ್ನು ಹಿಡಿಯಲು ಕೈ ಚಾಚಿ ಮುಗ್ಗರಿಸಿದಳು. ಅವಳ ಮುಷ್ಟಿಯಲ್ಲಿ ಬಂದದ್ದು ಗಾಳಿ.

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ನಕ್ಕ. "ಮುಟ್ಟಾಕ ಸಂಜಿ ಆಗ್ತೈತಿ ತಂಗೀ. ಅಲ್ಲೀತನಾ ನಡೀರಿ. ಈ ಕಂಬಳಿ ತಗೋರಿ, ತಿರುಗಿ ಬರುವಾಗ ಕೊಡ್ರಿ. ನಡುವ ಬಯಲಕಡಿಗೆ ಕುಂದ್ರೂದು ಬಂದ್ರ ಅಡ್ಡ ಹಿಡ್ಯಾಕ ಬೇಕಾಗ್ತೈತಿ. ಊರಿಗೆ ಊರಽ ನೋಡ್ತಿರ್ತೈತಿ."

ಆ ಬಯಲಿನಲ್ಲಿ ದೂರ ಹೋದದ್ದು ಸಣ್ಣದಾಗುವುದಿಲ್ಲ. ಅವ್ವ ಹೇಳಿದ್ದಳು, ನಾನೂ ತಲೆಯಾಡಿಸಿದ್ದೆ. ಆದರೆ ಅಷ್ಟೇ ದೊಡ್ಡ ಕೋಳಿಯ ಕಡೆಗೆ ಬಿಸಿಲಲ್ಲಿ ದಿನವಿಡೀ ನಡೆಯುವುದೆಂದರೆ ಏನೆಂದು ಕೇಳಿ ತಿಳಿಯುವಂಥದ್ದಲ್ಲ. ಕಾಲು ಸೋಲುತ್ತದೆ, ಕೋಳಿ ಇದ್ದಲ್ಲೇ ಇರುತ್ತದೆ. ಮಧ್ಯಾಹ್ನ ರುಕ್ಕು ನಡೆಯುವುದಿಲ್ಲವೆಂದು ಕೂತಳು. ರೊಟ್ಟಿ ಕೊಟ್ಟರೆ ಹುಲ್ಲಿಗೆ ಎಸೆದಳು. ನಾನು ಬೆನ್ನಿಗೊಂದು ಏಟು ಹಾಕಿದೆ. ಆಮೇಲೆ ಎಸೆದ ರೊಟ್ಟಿಯನ್ನು ಎತ್ತಿ ಊದಿ, ಅವಳ ಪಕ್ಕದಲ್ಲೇ ಕೂತು ಸ್ವಲ್ಪ ಅತ್ತೆ. ತಲೆ ಎತ್ತಿದಾಗ ಆ ಎತ್ತರದ ಹೆಂಗಸು ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು.

ಹೊತ್ತು ಮುಳುಗುವಾಗ ಊರು ಮುಟ್ಟಿದೆವು. ಆ ಎತ್ತರದ ಹೆಂಗಸೇ ಅವ್ವನ ಅಕ್ಕ, ನನ್ನ ದೊಡ್ಡವ್ವ ನೀಲಗಂಗವ್ವ. ಮೊದಲು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು, ಕಾಯಿ ಹಣ್ಣಾಗಿದೆಯೋ ಎಂದು ನೋಡುವವರ ಹಾಗೆ. "ಹಾಂ. ಈಗ ಬಂದ್ರಿ" ಎಂದಳು. ಆಮೇಲೆ ಮೊದಲ ಮಾತು: "ಮಧ್ಯಾಹ್ನ ಕೂಸಿಗೆ ಯಾಕ ಹೊಡದಿ?"

ನಾನು ರುಕ್ಕುವಿನ ಬೆನ್ನು ಸವರಿದೆ. ಸುತ್ತ ನಿಂತಿದ್ದ ಹೆಂಗಸರೆಲ್ಲ ಉತ್ತರಕ್ಕೆ ಕಾಯುತ್ತಿದ್ದರು.

"ದಣದಿದ್ದಿ, ಗೊತ್ತಾತು" ಎಂದು ಅವಳೇ ಉತ್ತರ ಕೊಟ್ಟಳು. "ಹೊಡದ ಮ್ಯಾಲ ನೀನೂ ಅತ್ತಿ, ಅದನ್ನೂ ಕಂಡೆ. ನಡೀ ಒಳಗ. ನೀರು ಕಾದಾವು, ನೀ ಕುಂತು ಅತ್ತಾಗಽ ಒಲಿ ಹಚ್ಚೀನಿ."

ಆ ಊರಿನಲ್ಲಿ ಕಣ್ಣನ್ನು ಯಾರೂ ನಂಬುವುದಿಲ್ಲ. ನಂಬುವುದು ದನಿಯನ್ನು, ಅದಕ್ಕಿಂತ ಹೆಚ್ಚಾಗಿ ಕೈಯನ್ನು. ಎದುರಿಗೆ ನಿಂತವರನ್ನೂ "ಹತ್ರ ಅದೀಯೋ, ದೂರ ಅದೀಯೋ?" ಎಂದು ಕೇಳಿಯೇ ಮಾತು ಶುರು. "ಹತ್ರ ಅದೀನಿ" ಎಂದು ದನಿ ಬಂದರೆ ಮಾತು ಮುಂದುವರಿಯುತ್ತದೆ. ಬರದಿದ್ದರೆ ಆ ಮನುಷ್ಯ ಯಾವುದೋ ಹೊಲದಲ್ಲಿದ್ದಾನೆ ಎಂದು ಇವರು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಬಯ್ಯುವ ಮುಂಚೆ ಮಕ್ಕಳನ್ನು ಮುಟ್ಟಿ ನೋಡುತ್ತಾರೆ. ಮುದಿ ನಾಯಿಗಳು ಮೂಸದೆ ಬೊಗಳುವುದಿಲ್ಲ. ಮರಿಗಳು ಮಾತ್ರ ಅಂಗಳದಲ್ಲೇ ಇದ್ದಂತೆ ಕಾಣುವ ಮೊಲದ ಹಿಂದೆ ಬಿದ್ದು, ಮರುದಿನ ನಾಲಿಗೆ ಹೊರಹಾಕಿ ಬರುತ್ತವೆ. ದೊಡ್ಡವ್ವನ ಸೊಸೆ ಹೊಸದಾಗಿ ಮದುವೆಯಾಗಿ ಬಂದಾಗ, ಕಟ್ಟೆಯ ಮೇಲೆ ಕೂತಂತೆ ಕಂಡ ಮಾವನ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳಂತೆ. ಮಾವ ಕೂತದ್ದು ಆಚೆ ಊರಿನ ಕಟ್ಟೆಯ ಮೇಲೆ. ಚರಿಗೆ ಮಜ್ಜಿಗೆ ನೆಲ ಕುಡಿಯಿತು. ಆ ಸೊಸೆಗೆ ಈಗ ಮೊಮ್ಮಗ ಬರುವ ವಯಸ್ಸು, ಆದರೂ ಯಾರ ಮನೆಗೆ ಹೋದರೂ "ಬಾರವ್ವಾ, ಮಜ್ಜಿಗಿ ಕುಡೀತಿಯೋ, ನೆಲಕ್ಕ ಕುಡಸ್ತಿಯೋ?" ಎಂದು ಕೇಳುತ್ತಾರೆ. ಅವಳೂ ನಗುತ್ತಾಳೆ. ನನ್ನ ಕೈಯನ್ನು ಹಿಡಿಯದೆ ಅಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ಎಷ್ಟೋ ವರ್ಷದಿಂದ ನನ್ನ ಕೈಯನ್ನು ಅಷ್ಟು ಜನ ಹಿಡಿದಿರಲಿಲ್ಲ. ಹಾಸ್ಟೆಲಿನಲ್ಲಿ ಅದರ ಮುಂದೆ ತಟ್ಟೆ ಚಾಚುತ್ತಾರೆ, ಅಷ್ಟೆ.

ಊರು ಬಿಟ್ಟು ಹೋಗುವವರು ಹಿಂದಡಿ ಇಟ್ಟೇ ಹೋಗಬೇಕು, ಮುಖ ಊರಿನ ಕಡೆಗಿರಬೇಕು. ಬೆಳಗಿನಿಂದ ಸಂಜೆಯ ತನಕ, ರಸ್ತೆಯ ತಗ್ಗಿಗೆ ಇಳಿಯುವ ತನಕ, ಹೋಗುವವರು ಇದ್ದಷ್ಟೇ ದೊಡ್ಡವರಾಗಿ ಕಣ್ಣೆದುರಿಗೇ ಇರುತ್ತಾರೆ. ಅಷ್ಟು ಹೊತ್ತು ನಮ್ಮವರ ಬೆನ್ನು ನೋಡುತ್ತ ರೊಟ್ಟಿ ಬಡಿಯುವುದಾದರೂ ಹೇಗೆ? ಗಾಡಿಯಲ್ಲಿ ಹಿಂದುಮುಖವಾಗಿ ಕೂತು ಹೋಗಬಾರದೇ ಎಂದು ನಾನು ಕೇಳಿದೆ. ದೊಡ್ಡವ್ವ ಮೂಗು ಮುರಿದಳು. "ಗಾಡ್ಯಾಗ ಕುಂತು ಕೊಟ್ಟದ್ದು ಮುಖ ಅಲ್ಲ, ಪಟ. ನಡಕೋತ ಕೊಡಬೇಕು. ಎಡವಬೇಕು, ನಗಬೇಕು."

ತಂಗಿಯ ಬೆನ್ನಿಗೆ ಮಗಳ ಮುಖ ಸಮವೇ? ಇದರ ಮೇಲೆ ಮರುದಿನ ಕಟ್ಟೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಕೈಹಿಡಿಯುವ ಅಡಿವೆಪ್ಪ ಆಗುವುದಿಲ್ಲವೆಂದ. ಹಿಂದಡಿ ಇಡುವವರ ಮಣಿಕಟ್ಟು ಹಿಡಿದು, ತಾನು ಮುಂದೆ ನೋಡುತ್ತ ಅವರನ್ನು ರಸ್ತೆ ಮುಟ್ಟಿಸುವುದು ಅವನ ಕೆಲಸ. ಹುಬ್ಬಿನ ತನಕ ತಿರುವಿದ ಬಿಳಿ ಮೀಸೆ. "ನಾಳೆ ನನ್ನ ಬದ್ಲಿ ನನ್ನ ಮಗಾ ಊಟಾ ಮಾಡಿದ್ರ ನನ್ನ ಹೊಟ್ಟಿ ತುಂಬತೈತೇನು?" ಎಂದ. ದೊಡ್ಡವ್ವ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಪೊರೆ ಬರುತ್ತಿದ್ದ ಕಣ್ಣನ್ನು ಕಿರಿದು ಮಾಡಿ ನೋಡಿದಳು. "ಮೂಗು ಬಾಳೀದು. ಹಣಿ ಬಾಳೀದು. ಗದ್ದ ಅವರಪ್ಪಂದು, ಅದನ್ನ ನಾ ನೋಡೂದಿಲ್ಲ ಬಿಡು. ನಡೀತೈತಿ." ಅಲ್ಲಿಗೆ ತೀರ್ಮಾನವಾಯಿತು.

ಆವತ್ತಿನಿಂದ ಕಣದಲ್ಲಿ ನನಗೆ ಹಿಂದಡಿಯ ಪಾಠ. ಹಿಮ್ಮಡಿ ಮೊದಲು ಊರಬಾರದು, ಬೆರಳಿನಿಂದ ನೆಲ ಕೇಳಬೇಕು, ಆಮೇಲೆ ಭಾರ ಬಿಡಬೇಕು. ಮೊದಲ ದಿನ ನಾನು ಹೊಟ್ಟಿನ ಬಣವೆಗೆ ಬೆನ್ನು ಹಾಯ್ದು ಅದರೊಳಗೇ ಕೂತುಬಿಟ್ಟೆ. ರಾಶಿ ಮಾಡುತ್ತಿದ್ದ ಹೆಂಗಸರು ಮೊರ ಕೆಳಗಿಟ್ಟು ನಕ್ಕರು. "ಬಾಳವ್ವನ ಮಗಳು ಬಣವಿಗೆ ಮುಖಾ ಕೊಟ್ಟಾಳ್ರೆ!" ಎಂದು ಒಬ್ಬಳು. "ಮುಖಲ್ಲ ಬಿಡ, ಕೊಟ್ಟದ್ದು ಬ್ಯಾರೇನ" ಎಂದು ಇನ್ನೊಬ್ಬಳು. ರುಕ್ಕು ಮಾತ್ರ ಹುಟ್ಟಿದಾಗಿನಿಂದ ಹಿಂದೆಯೇ ನಡೆದವಳ ಹಾಗೆ ಊರ ಮಕ್ಕಳ ಜೊತೆ ಹಿಂದಡಿಯಲ್ಲೇ ಓಡುತ್ತಿದ್ದಳು. ದೊಡ್ಡವ್ವನನ್ನು ಆಯಿ ಆಯಿ ಎಂದು ಕರೆಯುತ್ತ ಅವಳ ಸೆರಗು ಬಿಡಲಿಲ್ಲ. ನನಗೆ ಊಟಕ್ಕೆ ಯಾರೋ ಬಡಿಸುತ್ತಿದ್ದರು. ಬಡಿಸಿಕೊಂಡು ಉಣ್ಣುವುದನ್ನೇ ಮರೆತಿದ್ದ ನಾನು ಎರಡು ದಿನ ಸುಮ್ಮನೆ ಎದ್ದೆದ್ದು ನಿಲ್ಲುತ್ತಿದ್ದೆ.

ಹೊರಡುವ ಹಿಂದಿನ ದಿನ ಇಬ್ಬರೇ ನವಣೆ ತೂರುತ್ತಿದ್ದೆವು. "ದೊಡ್ಡವ್ವಾ, ಅವ್ವ ಬೆನ್ನು ಕೊಟ್ಟು ಹೋದ ದಿನ ಭಾಳ ಅತ್ತಿಯಂತ, ಹೌದಾ?" ಎಂದೆ.

"ಯಾರು ಹೇಳಿದ್ರು?"

"ಅವ್ವನಽ ಹೇಳ್ತಾಳ. ಈಗೂ ಅದನ್ನ ನೆನಸಿ ಅಕಿನಽ ಅಳ್ತಾಳ."

ಅವಳು ಮೊರವನ್ನು ಎರಡು ಸಲ ಕೊಡವಿದಳು. "ಅಳಾಕ ಹೊತ್ತೆಲ್ಲಿತ್ತು? ಅಕಿ ಹೆಗಲ ಮ್ಯಾಲಿಂದ ನೀ ನನ್ನನ್ನಽ ನೋಡ್ತಿದ್ದೆಲ್ಲ. ಜೊಲ್ಲು ಸುರಿಸ್ಕೋತ. ನಾ ಚಪ್ಪಾಳಿ ತಟ್ಟಿದೆ, ನೀ ನಕ್ಕಿ. ಸಪ್ಪಳಾ ನಿನಗ ಕೇಳಿರಲಿಕ್ಕಿಲ್ಲ, ಆದ್ರೂ ನಕ್ಕಿ. ನಿದ್ದಿ ಮಾಡಿದಿ, ಎದ್ದಿ, ಬಿಕ್ಕಿದಿ. ಒಲಿ ಮ್ಯಾಲಿನ ರೊಟ್ಟಿ ಎಲ್ಲಾ ಸೀದು ಕರ್ರಗಾದ್ವು. ನಿಮ್ಮ ದೊಡ್ಡಪ್ಪ ಬಂದು ಬೈದ. ನಾ ಎಲ್ಲಿ ಏಳ್ತೀನಿ!" ನಕ್ಕಳು. ಆಮೇಲೆ ನಗು ನಿಲ್ಲಿಸಿ, ಬೆರಳು ಎತ್ತಿದಳು. "ಆದ್ರ ಬೆನ್ನು ಬೆನ್ನಽ. ಮಾತು ಮಾತಽ. ನಾಳೆ ನನಗ ಸಂಜೀತನಾ ಮುಖ ಬೇಕು. ಮುಂದಿನ ಸುಗ್ಗಿಗೆ ಈ ಕಣ್ಣಿರ್ತಾವೋ ಇಲ್ಲೋ."

ಬೆಳಗಿಗೆ ಓಣಿಯೆಲ್ಲ ಬಂದು ನನ್ನ ಕೈ ಮುಟ್ಟಿ ಹೋಯಿತು. ದೊಡ್ಡವ್ವ ಕಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಕಣದ ಗುಂಡಿನ ಮೇಲೆ ಕೂತಳು. ಅಡಿವೆಪ್ಪ ನನ್ನ ಮಣಿಕಟ್ಟು ಹಿಡಿದ. ನಾನು ಬೆರಳಿನಿಂದ ನೆಲ ಕೇಳುತ್ತ ಹಿಂದಡಿ ಇಟ್ಟೆ.

ಸ್ವಲ್ಪ ದೂರದಲ್ಲಿ ದೊಡ್ಡವ್ವನ ದನಿ ಕೇಳಿಸದಾಯಿತು. ಬಾಯಿ ಮಾತ್ರ ಆಡುತ್ತಲೇ ಇತ್ತು. ಹೊತ್ತೇರಿದರೂ ಅವಳು ಅಷ್ಟೇ ಎತ್ತರ, ಅಷ್ಟೇ ಹತ್ತಿರ. ಹಣೆಯ ವಿಭೂತಿ ಬೆವರಿಗೆ ಕರಗಿದ್ದೂ ಕಾಣುತ್ತಿತ್ತು. ಅಡಿವೆಪ್ಪ ಊರಿನ ಅರ್ಧ ಜನರ ಜಗಳಗಳನ್ನು ಹೇಳಿ ಮುಗಿಸಿದ. ರುಕ್ಕು ಪಕ್ಕದಲ್ಲಿ ಹಿಂದಡಿ ಇಡುತ್ತ, ಬೀಳುತ್ತ, ಏಳುತ್ತ ಬಂದಳು. ಮಧ್ಯಾಹ್ನ ಹುಲ್ಲಿನಲ್ಲಿ ಬುತ್ತಿ ಬಿಚ್ಚಿದೆವು. ನಾನು ಊರಿನ ಕಡೆ ಮುಖ ಮಾಡಿ ಕೂತೆ. ಅತ್ತ ದೊಡ್ಡವ್ವನೂ ತಟ್ಟೆ ತರಿಸಿಕೊಂಡಳು. ಒಂದೇ ಚಾಪೆಯ ಎರಡು ತುದಿಗೆ ಕೂತವರ ಹಾಗೆ ಇಬ್ಬರೂ ಉಂಡೆವು. ನಾನು ಕೈತೊಳೆಯಲು ಹೋದರೆ ಅವಳು ಹುಬ್ಬು ಗಂಟಿಕ್ಕಿ, ಇನ್ನೊಂದು ರೊಟ್ಟಿ ತಿನ್ನೆಂದು ಕೈಸನ್ನೆ ಮಾಡಿದಳು. ತಿಂದೆ.

ಉಂಡ ಮೇಲೆ ರುಕ್ಕು ಮುಷ್ಕರ ಹೂಡಿದಳು. "ಎತ್ತಿಕೋ." ಅಡಿವೆಪ್ಪ ಕೈ ಚಾಚಿದ. ಅವಳು ಆ ಮೀಸೆಯನ್ನು ಹತ್ತಿರದಿಂದ ನೋಡಿದ್ದೇ ಬಯಲು ಹಾರುವಂತೆ ಕಿರುಚಿ ನನ್ನ ಸೀರೆಗೆ ಜೋತುಬಿದ್ದಳು. "ಈ ಮೀಸಿ ನನ್ನ ಹೇಂತಿಗೂ ಸೇರಂಗಿಲ್ಲ, ಕೂಸಿಂದೇನು ತಪ್ಪು" ಎಂದ ಅಡಿವೆಪ್ಪ. ನಾನು ಅವಳನ್ನು ಎತ್ತಿಕೊಂಡೆ. ಅವನು ನನ್ನ ಕೈ ಬಿಟ್ಟುಬಿಟ್ಟ.

"ಯಾಕಣ್ಣಾ?"

"ಕೂಸು ಹೊತ್ತಾಕಿಗೆ ನಾ ಹಿಂದಡಿ ಇಡಸಂಗಿಲ್ಲ ತಂಗಿ. ನಮ್ಮಪ್ಪನೂ ಇಡಸ್ಲಿಲ್ಲ. ಇಲ್ಲಿಂದ ಮುಂದ ಹಳೇ ಹಗೇವು ಅದಾವ." ಹಿಂದಿನವರು ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಗಳು. ಬಾಯಿಯ ಮೇಲೆ ಹುಲ್ಲು ಬೆಳೆದು ಮುಚ್ಚಿಕೊಂಡಿವೆ. "ನೀ ಒಬ್ಬಾಕಿ ಬಿದ್ರ ಜಗ್ಗಿ ತೆಗೀತೀನಿ. ಕೂಸು ಬಿದ್ರ ನಾ ಊರಿಗೆ ಏನು ಮುಖಾ ಒಯ್ಲಿ?"

ಕೂತು ಅವಳು ಮಲಗಿ ಏಳುವ ತನಕ ಕಾದರೆ ಬಸ್ಸು ಹೋಗುತ್ತದೆ. ಮರುದಿನ ಬೆಳಗಿಗೆ ಹಾಸ್ಟೆಲಿನ ಒಲೆ ಹತ್ತಬೇಕು. ಆದರೆ ಎದುರಿಗೆ ದೊಡ್ಡವ್ವ ಕಣ್ಣು ಮಿಟುಕಿಸದೆ ಕೂತಿದ್ದಾಳೆ. ನಾನು ಹಲ್ಲು ಕಚ್ಚಿ, ಯಾರ ಕೈಯೂ ಇಲ್ಲದೆ, ರುಕ್ಕುವನ್ನು ಎದೆಗೆ ಅವುಚಿಕೊಂಡು ಹಿಂದಡಿ ಇಟ್ಟೆ. ಅವಳ ಭಾರಕ್ಕೆ ಬೆರಳು ನೆಲ ಕೇಳಲಿಲ್ಲ, ಹಿಮ್ಮಡಿಯೇ ಮೊದಲು ಊರಿತು. ಹುಲ್ಲಿನ ಕೆಳಗೆ ಮಣ್ಣು ಕುಸಿಯಿತು. ಅಡಿವೆಪ್ಪ ರೆಟ್ಟೆ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ. ಹಗೇವಿನ ಬಾಯಿಯ ಪಕ್ಕದಲ್ಲಿ ಕುಕ್ಕರಿಸಿ ಕೂತೆ. ಒಳಗೆ ಬಿದ್ದ ಹೆಂಟೆಯ ಸದ್ದು ಬಹಳ ತಡವಾಗಿ ಕೇಳಿತು.

ದೊಡ್ಡವ್ವ ಎದ್ದು ನಿಂತಿದ್ದಳು. ಮೊರವಿಲ್ಲದ ಎರಡೂ ಕೈ ಗಾಳಿಯಲ್ಲಿದ್ದವು, ನನ್ನನ್ನು ಹಿಡಿಯಲು ಚಾಚಿದ ಹಾಗೆಯೇ. ಇಡೀ ಬದುಕನ್ನು ಆ ಊರಿನಲ್ಲೇ ಕಳೆದವಳು, ಕಣ್ಣನ್ನು ನಂಬಬಾರದೆಂದು ಗೊತ್ತಿದ್ದವಳು, ಗಾಳಿಯನ್ನು ಹಿಡಿದು ನಿಂತಿದ್ದಳು.

ಆಮೇಲೆ ಅವಳು ಬೆರಳೆತ್ತಿ ಸುತ್ತಿಸಿದಳು. ತಿರುಗು.

ನಾನು ಇಲ್ಲವೆಂದು ತಲೆಯಾಡಿಸಿದೆ.

ಅವಳು ಎಡಗೈಯಿಂದ ತನ್ನ ಹೆಗಲನ್ನು ಎರಡು ಸಲ ತಟ್ಟಿಕೊಂಡಳು. ಅಲ್ಲೊಂದು ಕೂಸು ಗದ್ದ ಊರಿದ್ದರೆ ತಟ್ಟುವ ಹಾಗೆ. ಮತ್ತೆ ಬೆರಳು ಸುತ್ತಿಸಿದಳು. ಈ ಸಲ ಹುಬ್ಬು ಗಂಟಿಕ್ಕಿ, ರೊಟ್ಟಿ ತಿನ್ನೆಂದು ಗದರಿದಂತೆಯೇ.

ನಾನು ಎದ್ದು ಸೀರೆ ಕೊಡವಿಕೊಂಡೆ. ರುಕ್ಕುವನ್ನು ಹೆಗಲಿಗೆ ಹಾಕಿಕೊಂಡೆ. ತಿರುಗಿದೆ.

ಹತ್ತು ಹೆಜ್ಜೆಗೆ ರುಕ್ಕುವಿನ ಅಳು ನಿಂತಿತು. ಇನ್ನೂ ಸ್ವಲ್ಪ ಹೋಗುವಷ್ಟರಲ್ಲಿ ನನ್ನ ಕಿವಿಯ ಪಕ್ಕದಲ್ಲಿ ಕಿಸಕ್ಕನೆ ನಗು. "ಆಯಿ ತಲಿ ಮ್ಯಾಲ ಮೊರಾ ಇಟಗೊಂಡಾಳ" ಎಂದಳು. ಆಮೇಲೆ "ಆಯಿ ನಾಲಿಗಿ ತೆಗದ್ಲು." ಆಮೇಲೆ ನನ್ನ ಬೆನ್ನ ಹಿಂದೆ ಎರಡು ಪುಟ್ಟ ಕೈಗಳಿಂದ ಚಪ್ಪಾಳೆ ತಟ್ಟತೊಡಗಿದಳು. ಅತ್ತ ಇನ್ನೊಂದು ಜೋಡಿ ಕೈ ತಟ್ಟುತ್ತಿರಬೇಕು. ನನಗೆ ಕೇಳಿಸಲಿಲ್ಲ. ಕತ್ತು ತಿರುಗಿಸಬೇಕೆಂದು ಜೀವ ಹೊಡೆದುಕೊಂಡಿತು.

"ತಿರುಗಬ್ಯಾಡ ತಂಗಿ" ಎಂದ ಅಡಿವೆಪ್ಪ. "ಅಕಿ ಈಗ ನಿನ್ನ ನೋಡಾಕತ್ತಿಲ್ಲ."

ಬಸ್ಸಿನ ಹೊತ್ತಿಗೆ ರಸ್ತೆ ಮುಟ್ಟಿದೆವು. ತಗ್ಗಿಗೆ ಇಳಿಯುವಾಗ ರುಕ್ಕು ಕೈ ಬೀಸುವುದನ್ನು ನಿಲ್ಲಿಸಿ, "ಆಯಿ ಮುಗದ್ಲು" ಎಂದಳು. ಕಂಡಕ್ಟರನಿಗೆ ಕಂಬಳಿ ಕೊಟ್ಟೆ. ಸೀಟಿನಲ್ಲಿ ಕೂತು ಅವ್ವನಿಗೆ ಫೋನು ಮಾಡಿದೆ. ಅವಳು ಅದನ್ನು ಕೈಯಲ್ಲೇ ಹಿಡಿದು ಕಾದಿದ್ದಳೆಂದು ಕಾಣುತ್ತದೆ, ಒಂದೇ ಸಲಕ್ಕೆ ಎತ್ತಿದಳು.

"ಕೊಟ್ಟಿಯಾ?"

"ಮಧ್ಯಾಹ್ನತನಾ ಕೊಟ್ಟೆ. ಆಮ್ಯಾಲ ಕೂಸು ಎತ್ತಿಕೊಳ್ಳೂದು ಬಂತು. ದೊಡ್ಡವ್ವನಽ ತಿರುಗು ಅಂದ್ಳು."

"ಹೆಗಲ ಮ್ಯಾಲ ರುಕ್ಕು ಯಾ ಕಡೆ ಮುಖಾ ಮಾಡಿದ್ಲು?" ಎಂದು ಕೇಳಿದಳು ಅವ್ವ. ನಾನು ಎಲ್ಲ ಹೇಳಿದೆ: ಮೊರ, ನಾಲಿಗೆ, ಚಪ್ಪಾಳೆ, ಅಂದು ಸೀದುಹೋದ ರೊಟ್ಟಿಗಳನ್ನೂ ಹೇಳಿದೆ. ಅವ್ವ ಅತ್ತಳೋ ನಕ್ಕಳೋ, ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ. ರುಕ್ಕು ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಅವ್ವ ಕೊಟ್ಟ ಮಾತು ನಡೆಯಲಿಲ್ಲ. ನಾನೂ ಬೆನ್ನು ಕೊಟ್ಟೇ ಬಂದೆ.